ಒಂದೇ ಮನೆಯ ಎರಡು ಕವಲು ಬೇರೆ ಬೇರೆ ಆದದ್ದು ಯಾಕೆ ಅಂತ ಹುಡುಕೋದು ಹೇಗೆ

ನಮ್ಮೂರಲ್ಲಿ ಯಾರ ಮಗ ಎಂಜಿನಿಯರ್ ಆದ್ರೂ "ಹುಷಾರು ಹುಡುಗ ಮಾರಾಯ್ರೆ" ಅಂತಾರೆ, ಆಗದವನಿಗೆ "ತಲೆ ಇರ್ಲಿಲ್ಲ", ಅಲ್ಲಿಗೆ ಮುಗೀತು. ಇದು ನಿಜವಾ ಅಂತ ನೋಡ್ಲಿಕ್ಕೆ ದೊಡ್ಡ ಪುಸ್ತಕ ಎಲ್ಲ ಬೇಡ, ನಿಮ್ಮದೇ ಮನೆಯ ಎರಡು ಕವಲು ತಗೊಳ್ಳಿ, ಅಜ್ಜನದ್ದು ಮತ್ತೆ ಅಜ್ಜನ ತಮ್ಮನದ್ದು. ಒಂದೇ ತಾಯಿ ಮಕ್ಕಳು, ಒಂದೇ ಗಂಜಿ ಉಂಡವರು, ಹಾಗಾಗಿ ತಲೆಯ ಲೆಕ್ಕ ಬಿಟ್ಟು ಬೇರೆ ಎಂತ ಉಂಟು ಅಂತ ಕಾಣ್ತದೆ.

ಮೊದ್ಲು ಜಾಗದ ಕಾಗದ. ಈಗಿನ ಪಹಣಿ ಆನ್‌ಲೈನಲ್ಲೇ ಸಿಗ್ತದೆ ಆದ್ರೆ ಕಥೆ ಇರೋದು ಹಳೇದ್ರಲ್ಲಿ, ತಾಲೂಕಾಫೀಸಿನ ರೆಕಾರ್ಡ್ ರೂಮಿಗೆ ಅರ್ಜಿ ಹಾಕಿ 1974ರ ಆಚೀಚೆಯ ಕಾಪಿ ಕೇಳಿ. ಮಾಲೀಕರು ಅಂತ ಧಣಿಗಳ ಹೆಸರು, ಸಾಗುವಳಿ ಅಂತ ಅಜ್ಜನ ಹೆಸರು ಇದ್ರೆ ನಿಮ್ಮವರು ಗೇಣಿ ಒಕ್ಕಲು. ದೇವರಾಜ ಅರಸರ ಕಾಲದ ಭೂಸುಧಾರಣೆ ಕಾಯ್ದೆಯ ತಿದ್ದುಪಡಿ 1974 ಮಾರ್ಚ್ 1ಕ್ಕೆ ಜಾರಿಗೆ ಬಂತಲ್ಲ, ಆಗ ಫಾರಂ 7ರಲ್ಲಿ ಈ ಜಾಗ ಗೇಣಿಗೆ ಸಾಗುವಳಿ ಮಾಡೋದು ನಾವೇ ಅಂತ ಡಿಕ್ಲರೇಷನ್ ಕೊಟ್ಟು ಭೂ ನ್ಯಾಯಮಂಡಳಿಯಲ್ಲಿ ಆದೇಶ ಆದವರಿಗೆ ಜಾಗ ಸಿಕ್ಕಿತು. ಆ ಆದೇಶ ಮನೆಯಲ್ಲಿ ಉಂಟಾ ಹುಡುಕಿ. ನಮ್ಮಲ್ಲಿ ಟ್ರಂಕಿನ ತಳದಲ್ಲಿತ್ತು, ಮಡಚಿದಲ್ಲೆಲ್ಲ ಹರಿದು ನಾಲ್ಕು ತುಂಡಾಗಿ. ಅಜ್ಜನ ತಮ್ಮ ಮಾತ್ರ ಡಿಕ್ಲರೇಷನ್ ಕೊಡ್ಲೇ ಇಲ್ಲ, ಧಣಿಗಳ ಅನ್ನ ತಿಂದು ಅವರ ಮೇಲೆಯೇ ಹೇಗೆ ಹೋಗೋದು ಅಂತ. ನಮ್ಮಜ್ಜನಿಗೂ ಹೆದರಿಕೆಯೇ, ಓದ್ಲಿಕ್ಕೂ ಬರ್ತಿರ್ಲಿಲ್ಲ, ಆದ್ರೆ ಏಳನೇ ಕ್ಲಾಸ್ ಮುಗಿಸಿದ್ದ ದೊಡ್ಡಪ್ಪ ರಾತ್ರಿ ಚಿಮಿಣಿ ದೀಪದಲ್ಲಿ ಫಾರಂ ತುಂಬಿಸಿ ಬೆಳಿಗ್ಗೆ ಹೆಬ್ಬೆಟ್ಟು ಒತ್ತಿಸಿದ್ರಂತೆ. ಏಳನೇ ಕ್ಲಾಸಿಗೆ ಎರಡು ಎಕ್ರೆ ಗದ್ದೆ!

ಆಮೇಲೆ ಶಾಲೆ. ಎಷ್ಟು ಓದಿದ್ರು ಅಂತ ಮಾತ್ರ ಕೇಳ್ಬೇಡಿ, ಯಾರು ಕಟ್ಟಿದ ಶಾಲೆ, ನಮ್ಮವರನ್ನು ಯಾವಾಗ ಒಳಗೆ ಬಿಟ್ರು ಅಂತ ಕೇಳಿ. ಇಲ್ಲಿ ವಿಷಯ ಸ್ವಲ್ಪ ಸಿಕ್ಕು. ಮಂಗಳೂರಲ್ಲಿ 1891ರಲ್ಲಿ ಕೆನರಾ ಹೈಸ್ಕೂಲ್ ಶುರು ಮಾಡಿದ ಅಮ್ಮೆಂಬಳ ಸುಬ್ಬರಾವ್ ಪೈಯವರು ವಕೀಲರು, 1906ರಲ್ಲಿ ಮುಂದೆ ಕೆನರಾ ಬ್ಯಾಂಕ್ ಆದ ಫಂಡ್ ಕಟ್ಟಿದವರೂ ಅವರೇ. ದಲಿತ ಮಕ್ಕಳಿಗೆ ಶಾಲೆ ತೆಗೆದ ಕುದ್ಮುಲ್ ರಂಗರಾಯರು ಸಹ ಮೇಲ್ಜಾತಿಯ ವಕೀಲರೇ, ಸ್ವಂತ ಜಾತಿಯವರು ದೂರ ಇಟ್ರೂ ಬಿಡ್ಲಿಲ್ಲ. ಅಂದ್ರೆ ಬಾಗಿಲಿನ ಬೀಗದಕೈ ಇದ್ದದ್ದು ಕೆಲವೇ ಜನರ ಕೈಯಲ್ಲಿ, ತೆಗೆದವರೂ ಅವರಲ್ಲೇ ಇದ್ರು, ತೆಗೆಯದವರು ಎಷ್ಟೋ ಜನ. ನಿಮ್ಮ ಮನೆಗೆ ಯಾರು ಸಿಕ್ಕಿದ್ರು ಅಂತ ಬರೆದಿಡಿ.

ಫೀಸು ಎಲ್ಲಿಂದ ಬಂತು ಅಂತ ಅಜ್ಜಂದಿರ ಹತ್ರ ಕೇಳಿ ಪ್ರಯೋಜನ ಇಲ್ಲ, ಅಜ್ಜಿಯಂದಿರ ಹತ್ರ ಕೇಳಿ. ನಮ್ಮಜ್ಜಿ ಬೀಡಿ ಕಟ್ಟಿ ಬೀಡಿ ಕಂಪೆನಿಯ ಬ್ರಾಂಚಿಗೆ ಕೊಟ್ಟು ಸಿಕ್ಕಿದ ದುಡ್ಡಲ್ಲಿ ಸ್ವಲ್ಪ ಪಿಗ್ಮಿಗೆ ಹಾಕ್ತಿದ್ರು. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಶುರು ಮಾಡಿದ ಪಿಗ್ಮಿ ಅದು, ದಿನಕ್ಕೆ ಎರಡಾಣೆಯಾದ್ರೂ ಸಾಕು, ಏಜೆಂಟ್ ಮನೆ ಬಾಗಿಲಿಗೇ ಬರ್ತಿದ್ದದ್ದು. ಹಳೇ ಪಾಸ್‌ಬುಕ್ ಸಿಕ್ಕಿದ್ರೆ ಜೂನ್ ತಿಂಗಳು ನೋಡಿ, ನಮ್ಮದ್ರಲ್ಲಿ ಪ್ರತಿ ವರ್ಷ ಜೂನಲ್ಲಿ ದುಡ್ಡು ಖಾಲಿ.

ಕಡೇದಾಗಿ ಈಗಿನ ತಲೆಮಾರು. ನನಗೂ ಅಜ್ಜನ ತಮ್ಮನ ಮೊಮ್ಮಗಳಿಗೂ ಪಿಯುಸಿಯಲ್ಲಿ ಎರಡು ಮಾರ್ಕ್ಸ್ ವ್ಯತ್ಯಾಸ, ಜಾಸ್ತಿ ಅವಳದ್ದು. ಎಜುಕೇಷನ್ ಲೋನ್ ಏಳೂವರೆ ಲಕ್ಷ ದಾಟಿದ್ರೆ ಸಾಮಾನ್ಯವಾಗಿ ಬ್ಯಾಂಕಿನವರು ಅಡವಿಗೆ ಜಾಗದ ರೆಕಾರ್ಡ್ ಕೇಳ್ತಾರೆ, ನಾನು ಅದೇ ಎರಡು ಎಕ್ರೆಯ ಪಹಣಿ ಕೊಟ್ಟೆ. ಅವಳಪ್ಪ ಮುಂಬೈ ಹೋಟೆಲಲ್ಲಿ ಇಪ್ಪತ್ತು ವರ್ಷ ದುಡಿದು ಬಂದವರು, ಐದು ಸೆಂಟ್ಸ್ ಮನೆ ಬಿಟ್ರೆ ಬೇರೆ ಎಂತ ಇಲ್ಲ, ಅದನ್ನು ಇಡ್ಲಿಕ್ಕೆ ಧೈರ್ಯ ಬರ್ಲಿಲ್ಲ, ಅವಳು ಎಂಜಿನಿಯರಿಂಗ್ ಸೀಟು ಬಿಟ್ಟು ಬಿಎಸ್ಸಿಗೆ ಸೇರಿದ್ಳು. ಊರಲ್ಲಿ ಈಗ್ಲೂ ನಾನೇ ಹುಷಾರು.

ಹಾ ಒಂದು ಮಾತು, ಸಿಕ್ಕಿದ ಹಳೇ ಕಾಗದ ಲ್ಯಾಮಿನೇಷನ್ ಮಾಡ್ಲಿಕ್ಕೆ ಹೋಗ್ಬೇಡಿ, ಮೊಬೈಲಲ್ಲಿ ಎರಡೂ ಬದಿ ಫೋಟೋ ತೆಗೆದು ಪ್ಲಾಸ್ಟಿಕ್ ಕವರಲ್ಲಿ ಹಾಕಿಡಿ. ಮತ್ತೆ ಇನ್ನೊಂದು ಕವಲಿನವರ ಮನೆಗೆ ನೀವೇ ಹೋಗಿ ಕೇಳಿ, ಫೋನಲ್ಲಿ ಬೇಡ, ಯಾವುದೋ ಜಾಗದ ತಕರಾರು ಅಂತ ಹೆದರ್ತಾರೆ.