ಟಾರ್ಚ್ ಹಿಡಿದ ತೀರ್ಪುಗಾರರು, ಸಿಪ್ಪೆ ಕೇಳಿದ ಯಜಮಾನರು

ಮೈಸೂರಿನಲ್ಲಿ ಸ್ಕೇಲ್ ಮಾಡೆಲ್ ಸ್ಪರ್ಧೆ ಇದೆ, ಜೊತೆಗೆ ಪ್ರದರ್ಶನವೂ ಇದೆ ಅಂತ ಗೊತ್ತಾದಾಗ ಎರಡು ಮಾಡೆಲ್ ಕೊಡೋಣ ಅಂದುಕೊಂಡೆ. ಒಂದು ನ್ಯಾಟ್ ಯುದ್ಧವಿಮಾನ, 1/72 ಅಳತೆಯದು, ಅಂದರೆ ನಿಜವಾದದ್ದರ 72ನೇ ಒಂದು ಪಾಲು. ಇನ್ನೊಂದು ನಮ್ಮ ಮಂಡ್ಯದ ಆಲೆಮನೆ, 1/35ರಲ್ಲಿ. ವಿಮಾನವನ್ನು ಪ್ಲಾಸ್ಟಿಕ್ ಬಿಡಿಭಾಗಗಳ ಕಿಟ್ ತಂದು ಕಟ್ಟಿದ್ದೆ. ಆಲೆಮನೆಗೆ ಯಾರು ಕಿಟ್ ಮಾಡುತ್ತಾರೆ ಹೇಳಿ? ಅದು ಪೂರ್ತಿ ಮನೆಯಲ್ಲಿ ಸಿಕ್ಕ ಸಾಮಾನಿನಿಂದಲೇ ಆಗಿದ್ದು.

ನ್ಯಾಟ್ ಅಂದರೆ ನನಗೆ ಮೊದಲಿನಿಂದಲೂ ಇಷ್ಟ. ಇಂಗ್ಲೆಂಡಿನ ಫಾಲಂಡ್ ಕಂಪನಿಯ ವಿನ್ಯಾಸ, ಆದರೆ ಬೆಂಗಳೂರಿನ ಎಚ್‌ಎಎಲ್‌ನಲ್ಲೂ ತಯಾರಾಯಿತು. 1965ರ ಯುದ್ಧದಲ್ಲಿ ಪಾಕಿಸ್ತಾನದ ಸೇಬರ್ ವಿಮಾನಗಳನ್ನು ಎದುರಿಸಿ ಹೆಸರು ಮಾಡಿತು. 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ನಿರ್ಮಲ್‌ಜಿತ್ ಸಿಂಗ್ ಸೆಖೋಂ ಹಾರಿಸಿದ್ದೂ ನ್ಯಾಟನ್ನೇ. ವಾಯುಪಡೆಗೆ ಬಂದಿರುವ ಒಂದೇ ಪರಮವೀರ ಚಕ್ರ ಅವರದ್ದು. ನಿಜವಾದ ವಿಮಾನವೇ ಒಂಬತ್ತು ಮೀಟರ್‌ಗಿಂತ ಸ್ವಲ್ಪ ಕಡಿಮೆ ಉದ್ದ. 1/72ರಲ್ಲಿ ಹನ್ನೆರಡು ಸೆಂಟಿಮೀಟರ್ ಆಗುತ್ತದೆ, ಅಂಗೈ ಮೇಲೆ ಕೂರುತ್ತದೆ.

ಚಿಕ್ಕದು ಅಂತ ಸುಲಭ ಅಲ್ಲ. ಅದರಲ್ಲೂ ನಾನು ಆರಿಸಿಕೊಂಡಿದ್ದು ಬೆಳ್ಳಿ ಬಣ್ಣ. ಬೆಳ್ಳಿ ಬಣ್ಣ ಏನನ್ನೂ ಮುಚ್ಚಿಡುವುದಿಲ್ಲ. ಹಸಿರು ಮಚ್ಚೆ ಬಣ್ಣದ ಕೆಳಗೆ ಅಡಗಿಕೊಳ್ಳುವ ಗೀರು ಇಲ್ಲಿ ಎದ್ದು ಕಾಣುತ್ತದೆ. ಹಾಗಾಗಿ ಎರಡು ಭಾಗ ಸೇರುವ ಕಡೆಯೆಲ್ಲ ಪುಟ್ಟಿ ಹಾಕಿ, ನೀರು ಹಚ್ಚಿ ಉಜ್ಜುವ 400ರ ಉಪ್ಪು ಕಾಗದದಿಂದ ಶುರು ಮಾಡಿ ಇನ್ನೂ ನಯವಾದ 2000ರವರೆಗೆ ಉಜ್ಜಿದೆ. ಅದರ ಮೇಲೆ ಹೊಳೆಯುವ ಕಪ್ಪು ಬಣ್ಣ, ಅದು ಚೆನ್ನಾಗಿ ಒಣಗಿದ ಮೇಲೆ ಏರ್‌ಬ್ರಶ್‌ನಲ್ಲಿ ಬೆಳ್ಳಿ. ಕೆಳಗಿನ ಕಪ್ಪು ಎಷ್ಟು ನಯವಾಗಿರುತ್ತದೋ ಮೇಲಿನ ಬೆಳ್ಳಿ ಅಷ್ಟೇ ಲೋಹದ ಹಾಗೆ ಕಾಣುತ್ತದೆ. ಪೈಲಟ್ ಕೂರುವ ಜಾಗದ ಗಾಜಿಗೆ ಫೆವಿಕ್ವಿಕ್ ತರಹದ ಅಂಟು ಮುಟ್ಟಿಸಬಾರದು, ಅದರ ಆವಿಗೆ ಗಾಜು ಮಬ್ಬಾಗುತ್ತದೆ. ಫೆವಿಕಾಲ್ ಸಾಕು. ನಮ್ಮ ಮನೆಯ ಬೋರ್‌ವೆಲ್ ನೀರಿನಲ್ಲಿ ಡೆಕಾಲ್, ಅಂದರೆ ನೆನೆಸಿ ಅಂಟಿಸುವ ಗುರುತಿನ ಚಿತ್ರ, ನೆನೆಸಿದರೆ ಒಣಗಿದ ಮೇಲೆ ಸುತ್ತ ಬಿಳಿ ಕಲೆ ಉಳಿಯುತ್ತದೆ. ಅದಕ್ಕೆ ನಾನು ಬಳಸುವುದು ಪೆಟ್ರೋಲ್ ಬಂಕಿನಲ್ಲಿ ಸಿಗುವ ಬ್ಯಾಟರಿ ನೀರು. ಮೂಗಿನೊಳಗೆ ಗಾಳಕ್ಕೆ ಕಟ್ಟುವ ಸೀಸದ ಗುಂಡು ಸೇರಿಸಿದ್ದೆ. ಮೂರು ಚಕ್ರದ ವಿಮಾನಕ್ಕೆ ಮುಂದೆ ಭಾರ ಸಾಲದಿದ್ದರೆ ಬಾಲದ ಮೇಲೆ ಕುಂತುಬಿಡುತ್ತದೆ.

ಆಲೆಮನೆ ಕೆಲಸ ಬೇರೆ ಥರದ್ದು. ಮೊದಲು ಹೋಗಿ ಅಳತೆ ತಂದೆ. ನಾನು ನೋಡಿದ ಕೊಪ್ಪರಿಗೆ ಎಂಟು ಅಡಿ ಅಗಲ ಇತ್ತು. 35ರಿಂದ ಭಾಗಿಸಿದರೆ ಏಳು ಸೆಂಟಿಮೀಟರ್. ಒಂದು ಡಬ್ಬದ ಮುಚ್ಚಳ ಸರಿಯಾಗಿ ಹೊಂದಿತು. ಕುದಿಯುವ ಕಬ್ಬಿನ ಹಾಲಿಗೆ ಅರಾಲ್ಡೈಟ್‌ನಲ್ಲಿ ಕಂದು ಬಣ್ಣ ಬೆರೆಸಿ ಸುರಿದೆ. ನೊರೆಗೆ ಅಡುಗೆ ಸೋಡಾ ಮತ್ತು ಫೆವಿಕಾಲ್. ಕಬ್ಬಿನ ಜಲ್ಲೆ ಮೂರು ಸೆಂಟಿಮೀಟರ್ ದಪ್ಪ ಅಂದುಕೊಂಡರೆ 1/35ರಲ್ಲಿ ಒಂದು ಮಿಲಿಮೀಟರ್ ಕೂಡ ಬರಲ್ಲ. ತೆಂಗಿನ ಪೊರಕೆ ಕಡ್ಡಿ ದಪ್ಪವಾಯಿತು, ಹುಲ್ಲಿನ ಪೊರಕೆಯ ತುದಿ ಕಡ್ಡಿ ಸರಿಹೋಯಿತು. ಗಿಣ್ಣು ಗಿಣ್ಣಿಗೂ ಬಣ್ಣ ಮುಟ್ಟಿಸಿದೆ. ಅಚ್ಚು ಬೆಲ್ಲಕ್ಕೆ ಕಿಟ್ಟಿನ ಭಾಗಗಳು ಅಂಟಿಕೊಂಡಿರುತ್ತವಲ್ಲ, ಆ ಪ್ಲಾಸ್ಟಿಕ್ ಚೌಕಟ್ಟನ್ನೇ ಸಣ್ಣಗೆ ಕತ್ತರಿಸಿದೆ. ಹಾಲು ಹಿಂಡಿದ ಕಬ್ಬಿನ ಸಿಪ್ಪೆಗೆ ತೆಂಗಿನ ನಾರು. ಒಲೆ ಬಾಯಿಯ ಬೂದಿ ಮಾತ್ರ ನಿಜವಾದ ಬೂದಿ.

ಮಂಡ್ಯದಿಂದ ಮೈಸೂರು ದೂರವೇನಲ್ಲ. ಆದರೂ ಬಸ್ಸು ಹಂಪ್ ಹಾರುವಾಗ ತೊಡೆ ಮೇಲಿನ ಮಾಡೆಲ್ ಏನಾಗುತ್ತದೆ ಅಂತ ಯಾರಾದರೂ ಊಹಿಸಬಹುದು. ನಾನು ರೈಲು ಹಿಡಿದೆ. ನ್ಯಾಟನ್ನು ಚಕ್ರದ ಮೇಲೆ ನಿಲ್ಲಿಸಲಿಲ್ಲ. ಮೈಸೂರು ಪಾಕಿನ ಡಬ್ಬಕ್ಕೆ ಫೋಮ್ ತುಂಬಿ, ಹೊಟ್ಟೆ ಮತ್ತು ರೆಕ್ಕೆಯ ಬುಡ ಅದರ ಮೇಲೆ ಒರಗುವಂತೆ ಕೊರೆದು ಕೂರಿಸಿದ್ದೆ. ತೆಳ್ಳಗಿನ ಕಾಲುಗಳ ಮೇಲೆ ಭಾರ ಬೀಳಲೇಬಾರದು. ಆಲೆಮನೆಯನ್ನು ಹಲಗೆ ಸಮೇತ ಥರ್ಮಾಕೋಲ್ ಪೆಟ್ಟಿಗೆಗೆ ಸ್ಕ್ರೂ ಹಾಕಿ ಬಿಗಿದಿದ್ದೆ. ಎದುರು ಸೀಟಿನ ಅಜ್ಜಿ "ಏನ್ ಮಗ, ಕೇಕಾ?" ಅಂದರು.

ಸಭಾಂಗಣದಲ್ಲಿ ಹೆಸರು ಬರೆಸಿ, ಯಾವ ವಿಭಾಗ ಅಂತ ಚೀಟಿ ತುಂಬಿ, ಮೇಜಿನ ಮೇಲೆ ಇಟ್ಟು ದೂರ ನಿಲ್ಲಬೇಕು. ತೀರ್ಪುಗಾರರು ಮಾಡೆಲ್ ಮುಟ್ಟಲ್ಲ. ಬಗ್ಗಿ, ಸಣ್ಣ ಟಾರ್ಚನ್ನು ಓರೆಯಾಗಿ ಬಿಟ್ಟು ನೋಡುತ್ತಾರೆ. ಮೊದಲು ನೋಡುವುದು ಬಣ್ಣವನ್ನಲ್ಲ, ಕಟ್ಟಿದ ರೀತಿಯನ್ನು. ಎದುರಿನಿಂದ ನೋಡಿದರೆ ಎರಡೂ ರೆಕ್ಕೆ ಒಂದೇ ಕೋನದಲ್ಲಿವೆಯಾ? ಬಾಲ ನೆಟ್ಟಗಿದೆಯಾ? ಎಲ್ಲ ಚಕ್ರ ನೆಲ ಮುಟ್ಟಿದೆಯಾ? ಗಾಳಿ ಒಳಗೆ ಹೋಗುವ ಬಾಯಿಯಲ್ಲಿ ಸೇರುಗೆರೆ ಉಳಿದಿದೆಯಾ? ಅದಾದ ಮೇಲೆ ಬಣ್ಣ, ಡೆಕಾಲ್, ಹಳೆಯದಾಗಿ ಕಾಣಿಸುವ ಕೆಲಸ ಎಲ್ಲ. ಪಕ್ಕದ ಮೇಜಿನ ಒಂದು ಟ್ಯಾಂಕಿಗೆ ತುಕ್ಕು, ಕೆಸರು ಎಷ್ಟು ಚೆಂದ ಬಂದಿತ್ತು ಅಂದರೆ ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಆದರೆ ಒಂದು ಕಡೆಯ ಎರಡು ಚಕ್ರ ಸರಪಳಿಯಿಂದ ಮೇಲೆ ತೇಲುತ್ತಿದ್ದವು. ಟಾರ್ಚು ಅಲ್ಲೇ ನಿಂತಿತು.

ಒಂದು ವಿಷಯದಲ್ಲಿ ಮಾತ್ರ ನನಗೂ ಒಬ್ಬ ತೀರ್ಪುಗಾರರಿಗೂ ಹೊಂದಲಿಲ್ಲ. ನ್ಯಾಟಿನ ತಗಡು ಸೇರುವ ಗೆರೆಗಳು ತುಂಬ ಮೆಲ್ಲಗಿವೆ, ಇನ್ನಷ್ಟು ಕಪ್ಪು ಇಳಿಸಬಹುದಿತ್ತು ಅಂದರು. ಈಗ ಎಲ್ಲರೂ ಹಾಗೇ ಮಾಡುತ್ತಾರೆ, ನಿಜ. ಆದರೆ ಲೆಕ್ಕ ನೋಡಿ. ಮಾಡೆಲ್ ಮೇಲಿನ 0.1 ಮಿಲಿಮೀಟರ್ ಗೆರೆ ನಿಜವಾದ ವಿಮಾನದಲ್ಲಿ ಏಳು ಮಿಲಿಮೀಟರ್‌ಗೂ ಜಾಸ್ತಿ ಅಗಲದ ಸಂದು. ಅದಕ್ಕೆ ಕಪ್ಪು ಬೇರೆ ತುಂಬಿದರೆ ವಿಮಾನ ಹಂಚು ಹಾಕಿದ ಬಚ್ಚಲುಮನೆ ಗೋಡೆ ಆಗುತ್ತದೆ. ನಾನು ತಿಳಿ ಬೂದು ಬಣ್ಣವನ್ನೇ ಹಾಕುವವನು, ಮುಂದೆಯೂ ಅಷ್ಟೇ.

ಮಧ್ಯಾಹ್ನ ಜನರಿಗೆ ಬಾಗಿಲು ತೆಗೆದರು. ಆಗ ಆಲೆಮನೆ ಮುಂದೆ ಗುಂಪು ಸೇರಿತು. ಒಬ್ಬ ಹುಡುಗ "ಅಂಕಲ್, ಅದ್ಯಾಕೆ 35?" ಅಂತ ಕೇಳಿದ. ಒಳ್ಳೆ ಪ್ರಶ್ನೆ. 1/72ಕ್ಕೆ ಲೆಕ್ಕ ಇದೆ, ಒಂದು ಇಂಚಿಗೆ ಆರು ಅಡಿ. 35ಕ್ಕೆ ಅಂಥದ್ದೇನೂ ಇಲ್ಲ. ಜಪಾನಿನ ತಮಿಯಾ ಕಂಪನಿ 1960ರ ದಶಕದ ಶುರುವಿನಲ್ಲಿ ಪ್ಯಾಂಥರ್ ಟ್ಯಾಂಕಿನ ಮಾಡೆಲ್ ಮಾಡಿತು. ಅದರೊಳಗೆ ಮೋಟರು, ಬ್ಯಾಟರಿ ಹಿಡಿಸಬೇಕಿತ್ತು. ಹಿಡಿಸಿದ ಮೇಲೆ ಬಂದ ಅಳತೆ ಸುಮಾರು 1/35. ಅದೇ ಎಲ್ಲರಿಗೂ ರೂಢಿಯಾಯಿತು. ಬ್ಯಾಟರಿ ಸೈಜಿಗೆ ನಮ್ಮ ಆಲೆಮನೆ ಕಟ್ಟಿದ್ದೀನಿ ಅಂತ ಹೇಳಿದಾಗ ಅವನು ನಂಬಲೇ ಇಲ್ಲ.

ಆಮೇಲೆ ಮೊಮ್ಮಗಳ ಕೈ ಹಿಡಿದು ಒಬ್ಬ ಯಜಮಾನರು ಬಂದರು. ತಲೆಗೆ ಟವೆಲ್ಲು. ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು.

"ಏನಪ್ಪ, ಸಿಪ್ಪೆ ಎಲ್ ಒಣಗಾಕಿದ್ದೀಯ? ಹಸಿ ಸಿಪ್ಪೆ ಒಲೆಗಾಯ್ತದಾ?"

"ಹಿಂದ್ಗಡೆ ನೋಡಿ ಯಜಮಾನ್ರೆ, ಕೊಟ್ಟಿಗೆ ಆಚೆ."

ಸುತ್ತಿ ಹೋಗಿ ನೋಡಿದರು. "ಹೂಂ, ಹಾಕಿದ್ದೀಯ. ಒಲೆಗೆ ಸಿಪ್ಪೆ ತಳ್ಳೋನು ಅಷ್ಟು ಹತ್ರ ಕೂರಾಕಿಲ್ಲ ಕಣಪ್ಪ, ಝಳಕ್ಕೆ ಮೊಖ ಬೇಯ್ತದೆ. ಕೋಲಲ್ಲಿ ತಳ್ತಾನೆ."

ಆ ಗೊಂಬೆಯನ್ನು ಬಂಕೆಮಣ್ಣಿನಿಂದ ತಾತ್ಕಾಲಿಕವಾಗಿ ನಿಲ್ಲಿಸಿದ್ದೆ. ಅಲ್ಲೇ ಕಿತ್ತು ಒಂದು ಸೆಂಟಿಮೀಟರ್ ಹಿಂದಕ್ಕೆ ಸರಿಸಿ, ಕೈಗೆ ಕಡ್ಡಿ ಕೊಟ್ಟೆ. "ಈಗ ಸರಿ ಬುಡು" ಅಂದರು. ಟಾರ್ಚಿನ ಬೆಳಕಿಗೆ ಇದು ಕಾಣುವಂಥದ್ದಲ್ಲ. ಸ್ಪರ್ಧೆಗೆ ಹೋಗುವವರು ಮಾಡೆಲ್ ಇಟ್ಟು ಊಟಕ್ಕೆ ಹೋಗಬೇಡಿ, ಜನ ಬರುವ ಹೊತ್ತಿನಲ್ಲಿ ಪಕ್ಕದಲ್ಲೇ ನಿಂತಿರಿ ಅಂತ ನಾನು ಹೇಳುವುದು ಇದಕ್ಕೇ.

ಸಂಜೆ ಫಲಿತಾಂಶ ಹೇಳಿದರು. ನ್ಯಾಟ್‌ಗೆ ಎರಡನೇ ಸ್ಥಾನ ಬಂತು. ಆಲೆಮನೆಗೆ ಬಹುಮಾನ ಇಲ್ಲ. ಆ ವಿಭಾಗದಲ್ಲಿ ಗೆದ್ದ ಮಳೆಯಲ್ಲಿ ನೆನೆದ ರೈಲು ನಿಲ್ದಾಣ ನಿಜವಾಗಿಯೂ ಅದಕ್ಕಿಂತ ಚೆನ್ನಾಗಿತ್ತು, ನೀರಿನಲ್ಲಿ ದೀಪದ ನೆರಳು ಸಹ ಬಿದ್ದಿತ್ತು.

ಹೊರಡುವ ಮುಂಚೆ ಹಳೇ ಕಿಟ್ ಮಾರುವ ಮೇಜಿನಲ್ಲಿ ಒಂದು ಹಂಟರ್ ವಿಮಾನ ಕಡಿಮೆ ಬೆಲೆಗೆ ಸಿಕ್ಕಿತು. ಡೆಕಾಲ್ ಹಳದಿಯಾಗಿತ್ತು ಅಂತ ಯಾರೂ ತಗೊಂಡಿರಲಿಲ್ಲ. ಹಳದಿಯಾದ ಡೆಕಾಲನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಬಿಸಿಲು ಬೀಳುವ ಕಿಟಕಿ ಗಾಜಿಗೆ ಅಂಟಿಸಿದರೆ ಮೆಲ್ಲಗೆ ಬಿಳಿಯಾಗುತ್ತದೆ. ಮಂಡ್ಯದಲ್ಲಿ ಬಿಸಿಲಿಗೇನು ಕಡಿಮೆ? ಚಿತ್ರ ಹೊರಗಡೆ ಮುಖ ಮಾಡಿರಬೇಕು, ಮಳೆ ನೀರು ಒಳಗೆ ಹೋಗಬಾರದು, ಅಷ್ಟೇ.