ಕಕ್ಕಡದ ಮಳೆಯಲ್ಲಿ ಕಟ್ ಇಲ್ಲದ ಶಾಟ್

ಕೊಡಗಿನಲ್ಲಿ ಸಿನಿಮಾ ತೆಗೆಯಲು ಬರುವವರು ಹೆಚ್ಚಾಗಿ ಮಳೆ ನಿಲ್ಲುವುದನ್ನು ಕಾಯುತ್ತಾರೆ. ನಾನು ಕಕ್ಕಡದಲ್ಲೇ, ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಶೂಟ್ ಮಾಡುತ್ತೇನೆ. ಏಳೆಂಟು ನಿಮಿಷ ಕಟ್ ಇಲ್ಲದೆ ಒಂದೇ ಅಂಗಳವನ್ನು ನೋಡುವ ಸಿನಿಮಾ ಎಂದರೆ ನನಗೆ ಪ್ರಾಣ. ಅಂಥ ಶಾಟಿಗೆ ಬೇಕಾದ ಚಲನೆಯನ್ನೆಲ್ಲ ಮಳೆಯೇ ಕೊಡುತ್ತದೆ. ಕ್ಯಾಮೆರಾಕ್ಕೊಬ್ಬರು, ಧ್ವನಿಗೊಬ್ಬರು, ಕೊಡೆ ಹಿಡಿಯಲೊಬ್ಬರು ಸಾಕು. ರಕ್ತ ಹೀರುವ ಇಂಬಳಕ್ಕೆ ಕಾಲುಚೀಲದ ಮೇಲೆ ಹೊಗೆಸೊಪ್ಪಿನ ಪುಡಿ.

ಎಷ್ಟು ಜೋರು ಮಳೆಯಾದರೂ ಬಿಳಿ ಮಂಜಿನ ಮುಂದೆ ಹನಿ ಕಾಣುವುದಿಲ್ಲ. ಬೆಳಕು ಹನಿಯ ಹಿಂದಿನಿಂದ ಬರಬೇಕು, ಹಿನ್ನೆಲೆ ಕಪ್ಪಗಿರಬೇಕು. ಅದಕ್ಕೇ ಆಕಾಶವನ್ನು ಫ್ರೇಮಿನ ಹೊರಗಿಟ್ಟು, ಕಾಳುಮೆಣಸಿನ ಬಳ್ಳಿ ಹಬ್ಬಿದ ಒದ್ದೆ ಮರಗಳನ್ನು ಹಿಂದೆ ತಂದುಕೊಳ್ಳುತ್ತೇನೆ. ಸೆಕೆಂಡಿಗೆ 24 ಫ್ರೇಮು, ಶಟರ್ 172.8 ಡಿಗ್ರಿ, ಅಂದರೆ ಪ್ರತಿ ಫ್ರೇಮಿಗೆ 1/50 ಸೆಕೆಂಡ್ ಬೆಳಕು. ಹನಿ ಗೆರೆಯಾಗಿ ಮೂಡುತ್ತದೆ. ನಮ್ಮ ಕರೆಂಟ್ 50 ಹರ್ಟ್ಜ್ ಆದ್ದರಿಂದ ಟ್ಯೂಬ್‌ಲೈಟ್ ಮಿಣುಕುವುದೂ ಇಲ್ಲ. ಮಂಜು ತುಂಬಿದರೆ ಬೆಳಕಿನ ಮೀಟರ್ ಅದನ್ನು ಬೂದು ಬಣ್ಣಕ್ಕೆ ಇಳಿಸುತ್ತದೆ, ಲೆನ್ಸನ್ನು ಮುಕ್ಕಾಲು ಸ್ಟಾಪ್ (ಒಂದು ಸ್ಟಾಪ್ ಎಂದರೆ ದುಪ್ಪಟ್ಟು ಬೆಳಕು) ಹೆಚ್ಚು ತೆರೆಯಬೇಕು.

ಲೆನ್ಸಿಗೆ ಹಬೆ ಕೂರುವುದು ಹೊರಗಿಗಿಂತ ಅಡುಗೆಮನೆಯಲ್ಲೇ ಜಾಸ್ತಿ. ಹೊರಗಿನ ಚಳಿಯಲ್ಲಿ ತಣ್ಣಗಾದ ಗಾಜಿಗೆ ಒಲೆಯ ಬೆಚ್ಚನೆಯ ಆವಿ ತಾಗಿದೊಡನೆ ನೀರಾಗುತ್ತದೆ. ಒರೆಸಿ ಪ್ರಯೋಜನವಿಲ್ಲ, ಮತ್ತೆ ಕೂರುತ್ತದೆ. ಕ್ಯಾಮೆರಾವನ್ನು ಹೊರಗೇ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಳಗೆ ತಂದು, ಅರ್ಧ ಗಂಟೆ ಬಿಟ್ಟು ತೆಗೆಯಿರಿ. ಅಷ್ಟರಲ್ಲಿ ನೀರು ಚೀಲದ ಮೇಲೆ ಕೂತಿರುತ್ತದೆ. ರಾತ್ರಿ ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಡಬೇಕು. ನೀಲಿ ಹರಳು ಗುಲಾಬಿಯಾದರೆ ಅದರ ಕೆಲಸ ಮುಗಿದಂತೆ. ಡಬ್ಬಿಯೊಳಗೆ ತೇವಾಂಶ ಶೇ. 40ರಿಂದ 50ರೊಳಗೆ ನಿಲ್ಲಬೇಕು, ಅದಕ್ಕಿಂತ ತುಂಬಾ ಹೆಚ್ಚಿದರೆ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ.

ನಾನು ಜಾಗ ಆರಿಸುವುದು ಕಿವಿಯಿಂದ. ತಗಡಿನ ಮಾಡಿನ ಕೆಳಗೆ ಮಾತು ಕೇಳಿಸದು. ಮಂಗಳೂರು ಹಂಚಿನ ಕೆಳಗೆ ಮೆಲುಮಾತೂ ಸಿಗುತ್ತದೆ. ಮೈಕಿನ ತುಪ್ಪಳದ ಕವಚಕ್ಕೂ ಹನಿ ಬಿದ್ದರೆ ಡಬ್ ಡಬ್ ಎನ್ನುತ್ತದೆ. ಮೇಲೆ ನಾಲ್ಕು ಬೆರಳು ಬಿಟ್ಟು ತೆಂಗಿನ ನಾರಿನ ಸಡಿಲ ಪದರ ಕಟ್ಟಿದರೆ ಹನಿ ಸದ್ದಿಲ್ಲದೆ ಒಡೆಯುತ್ತದೆ. ಪ್ರತಿ ಶಾಟಿನ ನಂತರ ಹಂಚಿನ ಮಳೆ, ಬಾಳೆಲೆಯ ಮಳೆ, ಅಂಗಳಕ್ಕೆ ಸುರಿಯುವ ಮಾಡಿನ ನೀರು, ಇವನ್ನು ಎರಡೆರಡು ನಿಮಿಷ ಬೇರೆಬೇರೆಯಾಗಿ, 24 ಬಿಟ್, 48 ಕಿಲೋಹರ್ಟ್ಜ್‌ನಲ್ಲಿ ದಾಖಲಿಸುತ್ತೇನೆ. ಹಂಚಿನ ಮನೆಗೆ ತಗಡಿನ ಮಳೆ ಜೋಡಿಸಿದರೆ ಇಲ್ಲಿಯವರಿಗೆ ತಕ್ಷಣ ತಿಳಿಯುತ್ತದೆ.

ಚಿತ್ರೋತ್ಸವದ ಡಿಸಿಪಿಗೂ, ಅಂದರೆ ಚಿತ್ರಮಂದಿರದಲ್ಲಿ ತೋರಿಸಲು ಕೊಡುವ ಡಿಜಿಟಲ್ ಪ್ರತಿಗೂ, 24 ಫ್ರೇಮನ್ನೇ ಉಳಿಸಿಕೊಳ್ಳಿ. 25ರಲ್ಲಿ ತೆಗೆದು ಕೊನೆಗೆ 24ಕ್ಕೆ ಇಳಿಸಿದರೆ ಚಿತ್ರ ಶೇ. 4ರಷ್ಟು ನಿಧಾನವಾಗುತ್ತದೆ, ಸರಿಪಡಿಸದಿದ್ದರೆ ದನಿಯ ಶ್ರುತಿಯೂ ಇಳಿಯುತ್ತದೆ.