ಸ್ಯಾಡಲ್ ಕೆಳಗಿನ ಕಿವಿ

ಪುಷ್ಯ ಮಳೆ ಹಿಡಿಯಿತೆಂದರೆ ನನ್ನ ಗಿಟಾರಿನ ತಂತಿಗಳು ಮೇಲೇಳುತ್ತವೆ. ಸಾಗರದ ಕಡೆಯ ಮಳೆಗೆ ಮನೆಯ ಬಾಗಿಲುಗಳೇ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುವಾಗ, ಗಿಟಾರಿನ ಮುಖದ ಮೂರು ಮಿಲಿಮೀಟರ್ ದಪ್ಪದ ಸ್ಪ್ರೂಸ್ ಮರದ ಹಲಗೆ ಸುಮ್ಮನಿದ್ದೀತೇ? ತೇವ ಕುಡಿದು ಹಲಗೆ ಉಬ್ಬುತ್ತದೆ, ಅದರ ಜೊತೆಗೆ ತಂತಿಗಳನ್ನು ಹಿಡಿದಿರುವ ಬ್ರಿಜ್ಜೂ ಏರುತ್ತದೆ. ಬೇಸಿಗೆಯಲ್ಲಿ ಕತ್ತಿನ ಮೇಲಿನ ಹನ್ನೆರಡನೇ ಅಡ್ಡಪಟ್ಟಿಯ, ಅಂದರೆ ಫ್ರೆಟ್ಟಿನ ಮೇಲೆ ಆರನೇ ತಂತಿಯ ಎತ್ತರ 2.5 ಮಿ.ಮೀ. ಇದ್ದದ್ದು ಆಗಸ್ಟ್ ಹೊತ್ತಿಗೆ 3.5ರ ಹತ್ತಿರ ಬಂದಿರುತ್ತದೆ. ಒಂದೇ ಬೆರಳನ್ನು ಎಲ್ಲ ತಂತಿಗಳಿಗೂ ಅಡ್ಡ ಒತ್ತುವ ಎಫ್ ಬಾರ್ ಕಾರ್ಡ್ ಹಿಡಿದರೆ ತೋರುಬೆರಳು ಸೋತು ಹೋಗುತ್ತದೆ.

ಗಿಟಾರ್ ತಂದ ಮೊದಲ ಮಳೆಗಾಲದಲ್ಲೇ ಹೀಗಾಯಿತು. ತಂತಿ ಬಿಚ್ಚಿದೆ, ಬ್ರಿಜ್ ಮೇಲೆ ತಂತಿಗಳು ಕೂರುವ ಬಿಳಿ ಪಟ್ಟಿಯನ್ನು, ಅಂದರೆ ಸ್ಯಾಡಲನ್ನು ಕಿತ್ತೆ, ಅದರ ತಳವನ್ನು ಬರಿಗೈಯಲ್ಲೇ ಮರಳು ಕಾಗದಕ್ಕೆ ತಿಕ್ಕಿ ಒಂದು ಮಿಲಿಮೀಟರಿನಷ್ಟು ಇಳಿಸಿದೆ. ಮನೆಯಲ್ಲಿ ನುಡಿಸಿದರೆ ಬೆಣ್ಣೆಯಂತೆ ಬೆರಳು ಓಡಿತು. ಮೂರು ದಿನ ಬಿಟ್ಟು ಗಣಪತಿ ಪೆಂಡಾಲಿನಲ್ಲಿ ಭಾವಗೀತೆ ಕಾರ್ಯಕ್ರಮವಿತ್ತು. ಇಬ್ಬರು ಹಾಡುವವರು, ಹಾರ್ಮೋನಿಯಂ, ತಬಲಾ, ನಾನು. ಕೇಬಲ್ ಚುಚ್ಚಿ ಒಂದು ಸಲ ಮೀಟಿದೆ. ಎರಡನೇ ತಂತಿಯೇ, ಬಿ ಸ್ವರದ್ದು, ಇಲ್ಲ! ಬಗ್ಗಿ ಕಿವಿ ಕೊಟ್ಟರೆ ಮರದಿಂದ ಸ್ಪಷ್ಟವಾಗಿ ಕೇಳುತ್ತಿದೆ, ಸ್ಪೀಕರಿನಲ್ಲಿ ಮಾತ್ರ ಐದೇ ತಂತಿ. ಬಿಡಿಬಿಡಿಯಾಗಿ ನುಡಿಸುವ ಕಡೆಯಲ್ಲೆಲ್ಲ ಹಲ್ಲು ಬಿದ್ದ ಬಾಯಿಯಂತೆ ಒಂದು ಕಿಂಡಿ. ಆ ರಾತ್ರಿ ಪೂರ್ತಿ ಬಿ ಸ್ವರವನ್ನು ಮೂರನೇ ತಂತಿಯ ನಾಲ್ಕನೇ ಫ್ರೆಟ್ಟಿನಲ್ಲಿ ಹಿಡಿದು ಕಾರ್ಯಕ್ರಮ ಮುಗಿಸಿದೆ.

ನನ್ನದರಂತೆ ಕೇಬಲ್ ಚುಚ್ಚಿ ಸ್ಪೀಕರಿಗೂ ಕೊಡಬಹುದಾದ ಎಲೆಕ್ಟ್ರೋ-ಅಕೌಸ್ಟಿಕ್ ಗಿಟಾರಿನ ಹೊಟ್ಟೆಯಲ್ಲಿ ಚಿಕ್ಕದೊಂದು ಮೈಕ್ ಇರುತ್ತದೆ ಎಂದೇ ಅಲ್ಲಿಯವರೆಗೆ ನಂಬಿದ್ದೆ. ನನ್ನದರಲ್ಲೂ ಇಂಥ ಬಹುಪಾಲು ಗಿಟಾರುಗಳಲ್ಲೂ ಇರುವುದು ಸ್ಯಾಡಲ್ ಕೆಳಗೆ ಮಲಗಿದ ತೆಳ್ಳನೆಯ ಪೀಜೋ ಪಟ್ಟಿ. ಒತ್ತಿದರೆ ವಿದ್ಯುತ್ ಹುಟ್ಟಿಸುವ ವಸ್ತು ಅದು. ಕ್ಯೂರಿ ಸಹೋದರರು 1880ರಲ್ಲಿ ಹರಳುಗಳಲ್ಲಿ ಕಂಡುಹಿಡಿದ ಈ ಗುಣವೇ ಅಡುಗೆಮನೆಯ ಗ್ಯಾಸ್ ಲೈಟರಿನಲ್ಲಿ ಕಿಡಿ ಹಾರಿಸುತ್ತದೆ. ಗಾಳಿಯಲ್ಲಿ ತೇಲಿ ಬರುವ ನಾದದ ಗೊಡವೆ ಅದಕ್ಕಿಲ್ಲ, ಸ್ಯಾಡಲ್ ಎಲ್ಲಿ ಎಷ್ಟು ಒತ್ತುತ್ತದೋ ಅಷ್ಟನ್ನೇ ಕೇಳಿಸಿಕೊಳ್ಳುತ್ತದೆ. ನಾನು ತಿಕ್ಕಿದ ತಳ ಬಿ ತಂತಿಯ ಕೆಳಗೆ ಒಂದು ಕಾಗದದಷ್ಟು ತಗ್ಗಾಗಿತ್ತು. ಅಷ್ಟು ಸಾಕಾಯಿತು.

ಈಗ ಸ್ಯಾಡಲ್ ಇಳಿಸುವ ಕೆಲಸಕ್ಕೆ ಅರ್ಧ ದಿನ ಇಡುತ್ತೇನೆ. ದಪ್ಪ ಗಾಜಿನ ತುಂಡಿನ ಮೇಲೆ 400 ನಂಬರಿನ ಮರಳು ಕಾಗದ ಅಂಟಿಸುತ್ತೇನೆ. ಸ್ಯಾಡಲಿನ ತಳಕ್ಕೆ ಪೆನ್ಸಿಲಿನಲ್ಲಿ ಅಡ್ಡಡ್ಡ ಗೆರೆ ಎಳೆದು, ನೆಟ್ಟಗಿರುವ ಮರದ ತುಂಡಿಗೆ ಒತ್ತಿ ಹಿಡಿದು ಹತ್ತು ಸಲ ಎಳೆಯುತ್ತೇನೆ. ತಿರುಗಿಸಿ ನೋಡಿದಾಗ ಎಲ್ಲ ಗೆರೆಗಳೂ ಸಮನಾಗಿ ಮಾಸಿದ್ದರೆ ತಳ ಚಪ್ಪಟೆ ಇದೆ. ನಡುವೆ ಒಂದು ಗೆರೆ ಕಪ್ಪಗೇ ಉಳಿದಿದ್ದರೆ ಅಲ್ಲಿ ತಗ್ಗಿದೆ, ಇನ್ನೂ ಎಳೆಯಬೇಕು. ಹೀಗೆ ಮೂಳೆಯ ಎರಡು ಸ್ಯಾಡಲ್ ಮಾಡಿಟ್ಟುಕೊಂಡಿದ್ದೇನೆ: ಮಳೆಗಾಲಕ್ಕೆ ಗಿಡ್ಡದು, ಬೇಸಿಗೆಗೆ ಎತ್ತರದ್ದು. ವರ್ಷಕ್ಕೆರಡು ಬಾರಿ ಅದಲುಬದಲು. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಮತ್ತು ಪುಟ್ಟ ತೇವಮಾಪಕ ಇಟ್ಟಿದ್ದೇನೆ. ಮುಳ್ಳು ಶೇಕಡ 45ರಿಂದ 55ರ ನಡುವೆ ನಿಂತರೆ ಒಳ್ಳೆಯದು. ಇಲ್ಲಿಯ ಮಳೆಗಾಲದಲ್ಲಿ 65ಕ್ಕೆ ನಿಲ್ಲಿಸುವುದೇ ದೊಡ್ಡ ಮಾತು.

ಗಿಟಾರಿನ ಬೆನ್ನು ಮತ್ತು ಪಕ್ಕೆ ಬೀಟೆಯವು. ನಮ್ಮ ಅಜ್ಜನ ಮಂಚವೂ ಬೀಟೆಯದೇ. ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಬ್ರೆಜಿಲ್ ಮರ ಬಿಟ್ಟು ಭಾರತದ ಬೀಟೆಗೆ ತಿರುಗಿತು ಎಂದು ಓದಿದಾಗ ಎದ್ದು ಹೋಗಿ ಆ ಮಂಚವನ್ನು ಮುಟ್ಟಿ ನೋಡಿ ಬಂದೆ.

ಎರಡನೇ ಪಾಠ ಒಂದು ಶಾಲೆಯ ಬಯಲು ವೇದಿಕೆಯಲ್ಲಿ ಆಯಿತು. ನುಡಿಸುವವರಿಗೆ ಕೇಳಲೆಂದು ಇಡುವ ಮಾನಿಟರ್ ಸ್ಪೀಕರ್ ನನ್ನ ಮೊಣಕಾಲಿಗೆ ಮುಖ ಮಾಡಿತ್ತು. ಐದನೇ ತಂತಿ ಮುಟ್ಟಿದ ಕೂಡಲೇ ಗುಂಯ್ ಎಂದು ಶುರುವಾದದ್ದು ಅಂಗೈ ಒತ್ತಿ ಹಿಡಿಯುವವರೆಗೆ ನಿಲ್ಲಲಿಲ್ಲ. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಒಂದೇ ಸ್ವರ ಬರುತ್ತದಲ್ಲ, ಹಾಗೆ ದೊಡ್ಡ ಹೊಟ್ಟೆಯ ಗಿಟಾರಿನೊಳಗಿನ ಗಾಳಿಯೂ 100 ಹರ್ಟ್ಸ್ ಆಸುಪಾಸಿನಲ್ಲಿ ತಾನಾಗಿ ಮಿಡಿಯುತ್ತದೆ. ಐದನೇ ತಂತಿ 110 ಹರ್ಟ್ಸ್. ಸ್ಪೀಕರಿನ ಸದ್ದು ಹಲಗೆಯನ್ನು ಅಲುಗಿಸುತ್ತದೆ, ಹಲಗೆ ಸ್ಯಾಡಲನ್ನು ಒತ್ತುತ್ತದೆ, ಪೀಜೋ ಅದನ್ನು ಮತ್ತೆ ಸ್ಪೀಕರಿಗೇ ಕಳಿಸುತ್ತದೆ. ನಾದರಂಧ್ರಕ್ಕೆ ರಬ್ಬರ್ ಮುಚ್ಚಳ ಹಾಕಿದ ಮೇಲೆ ಮುಕ್ಕಾಲು ಪಾಲು ಕಾಟ ಹೋಯಿತು. ಉಳಿದದ್ದಕ್ಕೆ ಪೀಜೋದ ಸದ್ದನ್ನು ಹಿಗ್ಗಿಸಿ ತಿದ್ದುವ ಪ್ರೀಆಂಪಿನಲ್ಲಿ, ಅಲೆಯನ್ನು ತಲೆಕೆಳಗು ಮಾಡುವ ಫೇಸ್ ಗುಂಡಿ ಒತ್ತುತ್ತೇನೆ, ಬೇಸ್ ಸ್ವಲ್ಪ ಇಳಿಸುತ್ತೇನೆ. ಮನೆಯಲ್ಲಿ ಅದೇ ಮುಚ್ಚಳ ಹಾಕಿ ನುಡಿಸಿದರೆ ಗಿಟಾರಿಗೆ ಉಸಿರು ಕಟ್ಟಿದಂತೆ ಕೇಳುತ್ತದೆ. ವೇದಿಕೆಯ ಸ್ಪೀಕರಿನಲ್ಲಿ ಅದು ಗೊತ್ತೇ ಆಗುವುದಿಲ್ಲ.

ಆಮೇಲೆ ನಾನು ಒಂದೇ ಗಿಟಾರನ್ನು ಎರಡು ವಾದ್ಯವೆಂದು ಅಭ್ಯಾಸ ಮಾಡತೊಡಗಿದೆ. ವಾರದಲ್ಲಿ ಎರಡು ದಿನ ಕೇಬಲ್ ಹಾಕಿಯೇ ಕೂರುತ್ತೇನೆ. ಪೀಜೋ ಪ್ಲೆಕ್ಟ್ರಮ್ಮಿನ, ಅಂದರೆ ಮೀಟುವ ಬಿಲ್ಲೆಯ ಪೆಟ್ಟನ್ನು ದೊಡ್ಡದು ಮಾಡಿ, ಮರದ ಗುಂಗನ್ನು ಚಿಕ್ಕದು ಮಾಡಿ ಕೇಳಿಸುತ್ತದೆ. ಮನೆಯಲ್ಲಿ ಹಿತವಾಗಿದ್ದ ಏಟು ಅಲ್ಲಿ ಟಕಟಕ ಎನ್ನುತ್ತದೆ. ಬಲಗೈಯನ್ನು ಅರ್ಧಕ್ಕರ್ಧ ಹಗುರ ಮಾಡಿದೆ, ನಿಧಾನದ ಹಾಡಿಗೆ ಪ್ಲೆಕ್ಟ್ರಮ್ ಬಿಟ್ಟು ಹೆಬ್ಬೆರಳ ಮೆತ್ತೆಯಲ್ಲೇ ಮೀಟತೊಡಗಿದೆ. ಪ್ರೀಆಂಪಿನಲ್ಲಿ ಮಿಡ್, ಅಂದರೆ ನಡುವಿನ ಸ್ವರಗಳ ಮಟ್ಟ, ತಗ್ಗಿಸಿದರೆ ಆ ಪ್ಲಾಸ್ಟಿಕ್ ಛಾಯೆ ಬಹಳ ಕಡಿಮೆಯಾಗುತ್ತದೆ. ಗಿಟಾರಿನ ಸಂಕೇತವನ್ನು ಮಿಕ್ಸರಿಗೆ ಹೊಂದುವಂತೆ ಮಾಡುವ ಸ್ವಂತದ ಒಂದು ಡಿಐ ಬಾಕ್ಸ್ ಜೊತೆಗೇ ಒಯ್ಯುತ್ತೇನೆ, ಉದ್ದದ ಕೇಬಲ್ ಎಳೆದರೂ ಗೊರಗೊರ ಸೇರುವುದಿಲ್ಲ. ಬ್ಯಾಟರಿ ವಿಷಯ ಚಿಕ್ಕದು, ಆದರೆ ಮರೆತರೆ ಕಾರ್ಯಕ್ರಮವೇ ಹೋಗುತ್ತದೆ: ಜ್ಯಾಕ್ ಚುಚ್ಚಿದೊಡನೆ 9 ವೋಲ್ಟಿನ ಬ್ಯಾಟರಿ ಚಾಲೂ ಆಗುತ್ತದೆ, ಕೀಳುವವರೆಗೂ ಖರ್ಚಾಗುತ್ತಲೇ ಇರುತ್ತದೆ. ನುಡಿಸಿ ಮುಗಿದ ಕ್ಷಣ ಕೇಬಲ್ ಕಿತ್ತಿಡಿ.

ಕಡೆಯದಾಗಿ, ನನಗೆ ಅತಿ ಪ್ರಿಯವಾದ ವಿಷಯ, ಶ್ರುತಿ. ಹಾಡುವವರು ಕಪ್ಪು ಒಂದು (ಹಾರ್ಮೋನಿಯಂನ ಮೊದಲ ಕಪ್ಪು ಮನೆ, ಸಿ ಶಾರ್ಪ್) ಎಂದರೆ ಮೊದಲ ಫ್ರೆಟ್ಟಿಗೆ ಕೇಪೊ, ಅಂದರೆ ಎಲ್ಲ ತಂತಿಗಳನ್ನು ಒತ್ತುವ ಕ್ಲಿಪ್ಪು, ಹಾಕಿ ಸಿ ಕಾರ್ಡಿನ ಆಕಾರದಲ್ಲಿ ನುಡಿಸಬಹುದು, ಅದು ಕಷ್ಟವಲ್ಲ. ಕಷ್ಟವಿರುವುದು ಹಳೆಯ ಹಾರ್ಮೋನಿಯಂ ಜೊತೆ. ಅದರ ಎ ಸ್ವರ ಸರಿಯಾಗಿ 440 ಹರ್ಟ್ಸಿಗೆ ನಿಂತಿರುವುದಿಲ್ಲ, ಗಿಟಾರಿನ ಟ್ಯೂನರ್ ಮಾತ್ರ 440 ಎಂದೇ ಹಟ ಹಿಡಿಯುತ್ತದೆ. ಟ್ಯೂನರಿಗೆ ಹಸಿರು ದೀಪ ಬಂತೆಂದು ನಾನು ಹಾಯಾಗಿ ಕೂತರೆ ಹಾಡುವವರಿಗೆ ಎರಡು ಶ್ರುತಿಯ ನಡುವೆ ಸಿಕ್ಕಿಹಾಕಿಕೊಂಡ ಹಿಂಸೆ. ಹಾರ್ಮೋನಿಯಂ ಸ್ವರ ಬದಲಿಸಲು ಆಗದು, ಬಗ್ಗಬೇಕಾದದ್ದು ನಾನೇ. ಒಂದು ತಂತಿಯನ್ನು ಅದಕ್ಕೆ ಕಿವಿಯಿಂದ ಕೂಡಿಸಿ ಉಳಿದವನ್ನು ಆ ತಂತಿಗೆ ಸೇರಿಸುತ್ತೇನೆ.

ರಾಗದ ನೆರಳು ದಟ್ಟವಾಗಿರುವ ಹಾಡುಗಳಿಗೆ ಕಾರ್ಡ್ ಹಾಕುವುದನ್ನೇ ಬಿಟ್ಟಿದ್ದೇನೆ. ಹಾಡುವವರು ಗಾಂಧಾರವನ್ನು ತೂಗುತ್ತಿರುವಾಗ ನನ್ನ ಮೇಜರ್ ಕಾರ್ಡ್ ಅದನ್ನು ಮೊಳೆ ಹೊಡೆದು ನಿಲ್ಲಿಸಿಬಿಡುತ್ತದೆ. ಅಂಥ ಕಡೆ ತಂತಿಗಳನ್ನು ಡಿ-ಎ-ಡಿ-ಜಿ-ಎ-ಡಿ ಎಂದು ಕೂಡಿಸುತ್ತೇನೆ. ಡಿ ಷಡ್ಜವಾದರೆ ಅದು ಸ-ಪ-ಸ-ಮ-ಪ-ಸ. ಹಾಡುವವರ ಶ್ರುತಿ ಬಿಳಿ ಮೂರು, ಅಂದರೆ ಇ, ಆದರೆ ಎರಡನೇ ಫ್ರೆಟ್ಟಿಗೆ ಕೇಪೊ. ಮಧ್ಯಮದ ತಂತಿಯನ್ನು ಬೇಡದಾಗ ತಪ್ಪಿಸಿ, ಉಳಿದವನ್ನು ಹೆಬ್ಬೆರಳಲ್ಲಿ ನಿಧಾನವಾಗಿ ಬಿಡಿಸುತ್ತಾ ಹೋದರೆ ಸ್ಪೀಕರಿನಲ್ಲಿ ತಂಬೂರಿಗೆ ಹತ್ತಿರದ ಒಂದು ಹರಿವು ಬರುತ್ತದೆ. ಮೊದಲ ಸಲ ಹೀಗೆ ನುಡಿಸಿದ ದಿನ ನಮ್ಮ ಗಾಯಕಿ ಆಲಾಪದ ನಡುವೆ ಕಣ್ಣು ತೆರೆದು ನನ್ನ ಕಡೆ ನೋಡಿ, ಮತ್ತೆ ಕಣ್ಣು ಮುಚ್ಚಿ ಇನ್ನೆರಡು ಸುತ್ತು ಜಾಸ್ತಿ ಹಾಡಿದರು.